ಕೋಡುಬಳೆ ಕೊಟ್ಟು ಗೆದ್ದ ಅಧ್ಯಕ್ಷಗಿರಿ

ಸಮುದ್ರದಾಚೆಯ ದ್ವೀಪದಲ್ಲಿ, ಯಿಶುನ್‌ನಲ್ಲಿರುವ ಮಗಳ ಮನೆಗೆ ಮೂರು ವರ್ಷದ ಮೇಲೆ ಮತ್ತೆ ಹೋದೆ. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಅದೇ ಹಳೇ ವಾಸನೆ ಮೂಗಿಗೆ ಬಡಿಯಿತು. ಯಾರದೋ ಮನೆಯಲ್ಲಿ ಒಣಸೀಗಡಿ ಹುರಿಯುವ ಘಾಟು, ಅದರ ಜೊತೆಗೆ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು. ಮೂಗು ಮುಚ್ಚಿಕೊಂಡು ಒಳಗೆ ಹೋಗಿ ಕೂತರೆ ಟಿವಿಯಲ್ಲಿ ಅಮೆರಿಕದ ಸುದ್ದಿ. ಅದು ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರು.

"ನೋಡಿದ್ರಾ ಅತ್ತೆ, ಅಮೆರಿಕದ ಪ್ರೆಸಿಡೆಂಟನ್ನ ಇಂಪೀಚ್ ಮಾಡ್ಬಿಟ್ರು. ಕೆಲಸ ಹೋಯ್ತು ಅವರ್ದು" ಎಂದ ಅಳಿಯ ಗಿರೀಶ.

"ಎಲ್ಲಿ ಓಯ್ತು? ಇವತ್ತು ಆರೋಪ ಹೊರ್ಸವ್ರೆ ಅಷ್ಟೆ. ಕೆಳಗಿನ ಮನೇಲಿ ಅರ್ಧಕ್ಕಿಂತ ಜಾಸ್ತಿ ಕೈ ಎದ್ರೆ ಆರೋಪ. ಮೇಲಿನ ಮನೇಲಿ ಮೂರ್ನೇ ಎರಡು ಪಾಲು ಎದ್ರೇನೆ ಕುರ್ಚಿ ಹೋಗಾದು. ಅಲ್ಲೀಗಂಟ ಅವ್ನೇ ಅಧ್ಯಕ್ಷ ಕಣಪ್ಪ."

ಗಿರೀಶ ಚಾಂಗಿ ಬಿಸಿನೆಸ್ ಪಾರ್ಕಿನ ಬ್ಯಾಂಕಿನ ಆಫೀಸಿನಲ್ಲಿ ಹತ್ತು ವರ್ಷದಿಂದ ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡುವವನು. ನನ್ನ ಮುಖ ನೋಡಿದ. ಆಮೇಲೆ ತನ್ನ ಫೋನು ನೋಡಿದ. ಕನ್ನಡ ಪೇಪರಿನವರು ಇದಕ್ಕೆ ವಾಗ್ದಂಡನೆ ಎನ್ನುತ್ತಾರೆ, ಬಾಯಲ್ಲಿ ಬೈದು ಬಿಟ್ಟರು ಅನ್ನುವ ಹಾಗೆ. ನಾನು ಕಂಡ ಮಟ್ಟಿಗೆ ಅದಕ್ಕಿಂತ ಸರಿಯಾದ ಮಾತಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು, ಆ ಅಕ್ಷರವೂ ಮರೆತುಹೋಗಿದೆ. ಇದನ್ನೆಲ್ಲ ಕಲಿತದ್ದು ಹದಿನಾರನೇ ಇಸವಿಯ ನವೆಂಬರಿನಲ್ಲಿ, ಇದೇ ಮನೆಯಲ್ಲಿ, ಮೊಮ್ಮಗಳು ನಿಧಿಯಿಂದ. ಅವಳಿಗೂ ಆ ತಿಂಗಳು ನಾನೊಂದು ವಿದ್ಯೆ ಕಲಿಸಿದೆ. ಕಲಿಸಬಾರದಿತ್ತು.

ಮಗಳು ಲತಾ ಯಿಶುನ್‌ನಲ್ಲೇ ಆಸ್ಪತ್ರೆಯಲ್ಲಿ ನರ್ಸು. ಆ ವರ್ಷ ಅವಳಿಗೆ ವಾರವಾರಕ್ಕೆ ಪಾಳಿ ಬದಲಾಗುತ್ತಿತ್ತು. ಗಿರೀಶ ಬೆಳಿಗ್ಗೆ ರೈಲು ಹತ್ತಿದರೆ ದ್ವೀಪದ ಆ ತುದಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಮಗು ನೋಡಿಕೊಳ್ಳಲು ಜನ ಬೇಕು ಎಂದು ನನ್ನನ್ನು ಮಂಡ್ಯದ ಕಡೆಯ ನಮ್ಮೂರಿಂದ ಕರೆಸಿದರು. ಬಂದೆ. ಹನ್ನೊಂದನೇ ಮಹಡಿ. ಅಡುಗೆಮನೆ ಕಿಟಕಿಯಿಂದಾಚೆ ಬಿದಿರು ಗಳ ಚಾಚಿ ಬಟ್ಟೆ ಒಣಹಾಕಬೇಕು. ನವೆಂಬರಿನಲ್ಲಿ ದಿನಾ ಮಧ್ಯಾಹ್ನ ಮೂರು ಗಂಟೆಗೆ ಗುಡುಗು, ನೀರು ಸುರಿದ ಹಾಗೆ ಮಳೆ. ಗಳ ಒಳಗೆ ಎಳೆ, ಮಳೆ ನಿಂತಿತೆಂದು ಆಚೆ ಚಾಚು, ಮತ್ತೆ ಮಳೆ ಬಂತೆಂದು ಒಳಗೆ ಎಳೆ. ದಿನಕ್ಕೆ ನಾಲ್ಕು ಸಲ. ತೋಳು ಬಿದ್ದು ಹೋಗುತ್ತಿತ್ತು, ಬಟ್ಟೆ ಒಣಗುತ್ತಿರಲಿಲ್ಲ. ಮಾತಿಗೆ ಜನವಿಲ್ಲ. ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಬ್ಲಾಕಿನ ಅಡಿಯ ಖಾಲಿ ಜಗಲಿಯಲ್ಲಿ, ಮುದುಕರು ಕಲ್ಲುಮೇಜಿನ ಮೇಲೆ ಬಿಲ್ಲೆ ಆಡುತ್ತಿದ್ದರು. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು.

ನಿಧಿಗೆ ಆಗ ಹನ್ನೊಂದು ವರ್ಷ, ಐದನೇ ಕ್ಲಾಸು. ಪರೀಕ್ಷೆ ಮುಗಿದಿತ್ತು, ಸ್ಕೂಲು ಮುಚ್ಚಲು ಎರಡು ವಾರವಿತ್ತು. ಪಾಠವಿಲ್ಲದ ಆ ಎರಡು ವಾರ ಮಕ್ಕಳನ್ನು ಹಿಡಿದು ಕೂರಿಸಲು ಟೀಚರಮ್ಮ ಒಂದು ಆಟ ಹೂಡಿದ್ದರು. ಅಮೆರಿಕದಲ್ಲಿ ಎಲೆಕ್ಷನ್ನು ನಡೆಯುತ್ತಿದೆಯಲ್ಲ, ನಮ್ಮ ಕ್ಲಾಸಿನಲ್ಲೂ ಅದೇ ಥರ ಒಬ್ಬ ಪ್ರೆಸಿಡೆಂಟನ್ನು ಆರಿಸೋಣ ಎಂದು. ನಿಂತವರು ಇಬ್ಬರು. ನಿಧಿ, ಮತ್ತೆ ಪಕ್ಕದ ಬ್ಲಾಕಿನ ಹುಯಿ ಮಿನ್ ಎಂಬ ಚೀನಾದ ಹುಡುಗಿ. ಇಬ್ಬರೂ ದಿನಾ ಒಟ್ಟಿಗೆ ಸ್ಕೂಲಿಗೆ ಹೋಗುವ ಜೋಡಿ.

"ಪಪ್ಪಾ, ಅಮೆರಿಕದಲ್ಲಿ ಪ್ರೆಸಿಡೆಂಟನ್ನ ಹೇಗೆ ಚೂಸ್ ಮಾಡ್ತಾರೆ?" ಎಂದು ಕೇಳಿದಳು ಭಾನುವಾರ ತಿಂಡಿ ತಿನ್ನುವಾಗ.

"ಸಿಂಪಲ್. ಜನ ವೋಟ್ ಹಾಕ್ತಾರೆ, ಜಾಸ್ತಿ ಬಂದವರು ಪ್ರೆಸಿಡೆಂಟ್."

"ಟೀಚರ್ ಪೇಪರಲ್ಲಿ ಹಾಗಿಲ್ಲ ಲಾ."

ಅಲ್ಲಿನವರ ಹಾಗೆ ಮಾತಿನ ತುದಿಗೆ ಒಂದು ಲಾ ಅಂಟಿಸಿ, ಆ ಹಾಳೆ ತಂದು ಕೂತಳು. ಅವಳು ಇಂಗ್ಲಿಷಿನಲ್ಲಿ ಓದಿ ಅರ್ಧಂಬರ್ಧ ಕನ್ನಡದಲ್ಲಿ ಹೇಳುವುದು, ನಾನು ಕೇಳುವುದು. ಅಮೆರಿಕದಲ್ಲಿ ಐವತ್ತು ರಾಜ್ಯ. ದೊಡ್ಡ ರಾಜ್ಯಕ್ಕೆ ಹೆಚ್ಚು ಆಳು, ಸಣ್ಣದಕ್ಕೆ ಕಡಿಮೆ. ಎಷ್ಟೇ ಸಣ್ಣದಾದರೂ ಮೂರು ಆಳು ಇದ್ದೇ ಇರಬೇಕು. ರಾಜಧಾನಿಯದ್ದೂ ಸೇರಿ ಐನೂರ ಮೂವತ್ತೆಂಟು ಆಳು. ಜನ ವೋಟು ಒತ್ತುವುದು ಅಧ್ಯಕ್ಷನ ಹೆಸರಿಗೇ ಆದರೂ ಆರಿಸಿ ಹೋಗುವುದು ಈ ಆಳುಗಳು. ಅಧ್ಯಕ್ಷನನ್ನು ಮಾಡುವುದು ಇವರು. ಇನ್ನೂರ ಎಪ್ಪತ್ತು ಆಳು ಯಾರಿಗೆ ಸಿಕ್ಕರೋ ಅವರಿಗೆ ಕುರ್ಚಿ.

"ನಮ್ಮ ಪಂಚಾಯ್ತಿ ಕಣವ್ವ ಇದು!" ಎಂದೆ. "ಊರೋರು ಮೆಂಬರ್ನ ಆರಿಸ್ತಾರೆ, ಮೆಂಬರ್ಗಳು ಅಧ್ಯಕ್ಷರ್ನ ಮಾಡ್ತಾರೆ. ಅಲ್ಲ, ಆ ಐನೂರ ಮೂವತ್ತೆಂಟು ಜನಾನ ಎಲ್ಲಿಗೆ ಟೂರ್ ಕರ್ಕೊಂಡು ಹೋಗ್ತಾರೆ?"

ಗಿರೀಶನ ಬಾಯಿಂದ ಕಾಫಿ ಚೆಲ್ಲಿತು. "ಟೂರಾ?"

"ಇನ್ನೇನು ಮತ್ತೆ? ನಾನು ಅಧ್ಯಕ್ಷೆ ಆಗೋ ಮುಂಚೆ ನನ್ನ ಕಡೆ ಏಳು ಮೆಂಬರ್ನ ಟೆಂಪೋದಲ್ಲಿ ತುಂಬ್ಕೊಂಡು ಧರ್ಮಸ್ಥಳ, ಹೊರನಾಡು ಅಂತ ನಾಲ್ಕು ದಿನ ಸುತ್ತಿಸಿದ್ರು. ಇಲ್ದಿದ್ರೆ ಆ ಕಡೆಯೋರು ಎಳ್ಕೊಂಡು ಹೋಗೋರು."

ಅಳಿಯ ನಗುತ್ತಲೇ ಇದ್ದ. ನಿಧಿ ನಗಲಿಲ್ಲ. ಹಾಳೆಯಲ್ಲಿ ಹುಡುಕಿ ಹೇಳಿದಳು, "ಟೂರ್ ಇಲ್ಲ ಅಜ್ಜಿ. ಅವರವರ ಸ್ಟೇಟಲ್ಲೇ ಮೀಟ್ ಮಾಡ್ತಾರೆ. ಡಿಸೆಂಬರಲ್ಲಿ. ಎಲ್ರೂ ಸೇಮ್ ಡೇ."

ಎಲ್ಲರೂ ಒಂದೇ ದಿನ, ಅವರವರ ಊರಲ್ಲಿ. ಹಾಗಾದರೆ ಒಂದೇ ಟೆಂಪೋಗೆ ತುಂಬಲು ಆಗುವುದಿಲ್ಲ. ಬುದ್ಧಿವಂತರು ಮಾಡಿದ ಕಾನೂನು ಅಂದುಕೊಂಡೆ.

ಆಮೇಲೆ ಅವಳು ಹೇಳಿದ ಒಂದು ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. ಹೆಚ್ಚು ಕಡಿಮೆ ಎಲ್ಲ ರಾಜ್ಯದಲ್ಲೂ ಒಂದು ವೋಟು ಜಾಸ್ತಿ ಬಂದರೂ ಸಾಕು, ಆ ರಾಜ್ಯದ ಅಷ್ಟೂ ಆಳು ಗೆದ್ದವರ ಪಾಲು. ಸೋತವರಿಗೆ ಸೊನ್ನೆ. ಕ್ಲಾಸಿನಲ್ಲಿ ರಾಜ್ಯದ ಬದಲು ಟೇಬಲ್ಲು. ಒಟ್ಟು ಮೂವತ್ತೇಳು ಮಕ್ಕಳು, ಏಳು ಟೇಬಲ್ಲು. ಎರಡರಲ್ಲಿ ಏಳೇಳು ಮಕ್ಕಳು, ನಾಲ್ಕರಲ್ಲಿ ಐದೈದು, ಒಂದರಲ್ಲಿ ಮೂರು. ಟೇಬಲ್ಲಿನಲ್ಲಿ ಎಷ್ಟು ಮಕ್ಕಳೋ ಅದಕ್ಕೆ ಅಷ್ಟು ಬೆಲೆ. ಹತ್ತೊಂಬತ್ತು ಸೇರಿದರೆ ಗೆಲುವು.

"ನಾನು ಸೋಲ್ತೀನಿ ಅಜ್ಜಿ. ಎಲ್ರಿಗೂ ಹುಯಿ ಮಿನ್ ಇಷ್ಟ" ಎಂದಳು ನಿಧಿ. ಮುಖ ಸಣ್ಣದಾಗಿತ್ತು. ಅಲ್ಲಿ ಹುಟ್ಟಿ ಬೆಳೆದರೂ ಆ ವರ್ಷ ಕ್ಲಾಸಿನಲ್ಲಿ ಅವಳನ್ನು ಯಾರೂ ಆಟಕ್ಕೆ ಸರಿಯಾಗಿ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಲತಾ ಎರಡು ಸಲ ಟೀಚರಿಗೆ ಫೋನು ಮಾಡಿದ್ದಳಂತೆ. ಇದು ನನಗೆ ಆ ದಿನವೇ ಗೊತ್ತಾದದ್ದು.

ಗಳ ಎಳೆದೂ ಎಳೆದೂ ತಲೆ ಕೆಟ್ಟಿದ್ದ ನನಗೆ ಒಂದು ಕೆಲಸ ಸಿಕ್ಕಿತು. ಹುರುಳಿಕಾಳು ತಂದು ನೆಲದ ಮೇಲೆ ಏಳು ಗುಡ್ಡೆ ಹಾಕಿದೆ.

"ಬಾ ಇಲ್ಲಿ. ಈ ಏಳೇಳರ ಗುಡ್ಡೆ ತಂಟೆಗೆ ಹೋಗ್ಬೇಡ. ಮೂರರದ್ದೂ ಬಿಡು. ಈ ನಾಲ್ಕು ನೋಡು, ಐದೈದು. ನಾಲ್ಕೈದ್ಲ ಇಪ್ಪತ್ತು. ಹತ್ತೊಂಬತ್ತಕ್ಕೆ ಒಂದು ಜಾಸ್ತೀನೆ ಆಯ್ತು. ಒಂದೊಂದರಲ್ಲೂ ಮೂರು ಮಕ್ಕಳು ನಿನ್ನ ಕಡೆ ಆದ್ರೆ ಆ ಗುಡ್ಡೆ ಪೂರ್ತಿ ನಿಂದು. ಮೂರ್ನಾಲ್ಕ್ಲ ಹನ್ನೆರಡು. ನೀನೊಬ್ಳು ಅದ್ರಲ್ಲೇ ಇದ್ದೀಯ. ಇನ್ನು ಹನ್ನೊಂದು ಜನ. ಅಷ್ಟೆ ಕಣವ್ವ, ಹನ್ನೊಂದೇ ಜನ."

"ಬೇರೆಯವರು?"

"ಬೇರೆಯೋರ್ಗೆ ನಮಸ್ಕಾರ ಮಾಡು. ಸಾಕು."

ನಿಧಿ ಕಾಳುಗಳನ್ನೇ ನೋಡುತ್ತಾ ಕೂತಳು. ಆಮೇಲೆ ಹನ್ನೊಂದು ಹೆಸರು ಬರೆದಳು. ನಾನು ಕೋಡುಬಳೆ ಕರಿದೆ. ನಮ್ಮೂರಲ್ಲಿ ಎಲೆಕ್ಷನ್ನಿಗೆ ಮುಂಚೆ ಹೆಂಗಸರು ಮನೆಮನೆಗೆ ಹೋಗಿ ಅರಿಶಿನ ಕುಂಕುಮ ಕೊಡುತ್ತಾರೆ, ತಟ್ಟೆಯಲ್ಲಿ ರವಿಕೆ ಕಣವೂ ಇರುತ್ತದೆ. ವೋಟು ಹಾಕು ಅಂತ ಬಾಯಿಬಿಟ್ಟು ಕೇಳುವುದಿಲ್ಲ. ಕುಂಕುಮ ಇಟ್ಟು ಬರುವುದು, ಅಷ್ಟೆ. ಅದೇ ಲೆಕ್ಕದಲ್ಲಿ ಹನ್ನೊಂದು ಪೊಟ್ಟಣ ಕಟ್ಟಿದೆ. "ಏನೂ ಕೇಳ್ಬೇಡ. ನಮ್ಮಜ್ಜಿ ಕೊಟ್ಟವ್ರೆ ಅಂತ ಕೈಗೆ ಹಾಕು" ಎಂದು ಹೇಳಿ ಕಳಿಸಿದೆ. ಲತಾ ಡಬ್ಬ ನೋಡಿ, "ಏನಮ್ಮ, ಕ್ಲಾಸಿಗೆಲ್ಲ ಸ್ನ್ಯಾಕ್ಸಾ? ಪಾಪ, ಕಷ್ಟಪಟ್ಟಿದ್ಯ" ಎಂದಳು. ಕ್ಲಾಸಿಗೆಲ್ಲ ಅಲ್ಲ ಎಂದು ನಾನು ಹೇಳಲಿಲ್ಲ.

ಅಮೆರಿಕದ ಎಣಿಕೆಯ ಹಿಂದಿನ ದಿನ ಕ್ಲಾಸಿನಲ್ಲಿ ವೋಟು. ನಿಧಿ ಕುಣಿಯುತ್ತಾ ಬಂದಳು. ನಾಲ್ಕೂ ಐದರ ಟೇಬಲ್ಲು ಮೂರು-ಎರಡರಲ್ಲಿ ಅವಳ ಪಾಲಾಗಿದ್ದವು. ತಲೆ ಎಣಿಸಿದರೆ ನಿಧಿಗೆ ಹದಿನೈದು, ಹುಯಿ ಮಿನ್‌ಗೆ ಇಪ್ಪತ್ತೆರಡು. ಟೇಬಲ್ಲು ಎಣಿಸಿದರೆ ನಿಧಿಗೆ ಇಪ್ಪತ್ತು, ಅವಳಿಗೆ ಹದಿನೇಳು. ಎದೆಯ ಮೇಲೆ ಪ್ರೆಸಿಡೆಂಟ್ ಎಂದು ಬರೆದ ರಟ್ಟಿನ ಬಿಲ್ಲೆ. ಮನೆಯಲ್ಲೂ ತೆಗೆಯಲಿಲ್ಲ. ನನಗೆ ಬಲು ಹೆಮ್ಮೆ. ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಲತಾಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಟಿವಿ ಹಾಕಿ ಕೂತಿದ್ದಳು. ಅಲ್ಲಿ ರಾತ್ರಿ, ಇಲ್ಲಿ ಹಗಲು. ಅಮೆರಿಕದ ಪಟದಲ್ಲಿ ಒಂದೊಂದೇ ರಾಜ್ಯಕ್ಕೆ ಕೆಂಪು, ನೀಲಿ ಹಚ್ಚುತ್ತಿದ್ದರು. ಆ ಸಲ ಒಬ್ಬ ಹೆಂಗಸು ನಿಂತಿದ್ದಳು. ಲತಾಗೆ ಅವಳು ಗೆಲ್ಲಬೇಕೆಂದು ಆಸೆ. ಊಟದ ಹೊತ್ತಿಗೆ ಪಟವೆಲ್ಲ ಕೆಂಪಾಯಿತು. ನಾಲ್ಕೈದು ದಿನ ಕಳೆದ ಮೇಲೆ ಎಣಿಕೆ ಮುಂದುವರಿದ ಹಾಗೆ ಗೊತ್ತಾಯಿತು, ಸೋತ ಆ ಹೆಂಗಸಿಗೇ ಲಕ್ಷಗಟ್ಟಲೆ ವೋಟು ಜಾಸ್ತಿ ಬಿದ್ದಿದೆ ಎಂದು.

"ಇದು ಯಾವ ನ್ಯಾಯ ಅಮ್ಮ? ಜಾಸ್ತಿ ಜನ ಬೇಕು ಅಂದೋರು ಮನೆಗೆ, ಕಮ್ಮಿ ಜನ ಬೇಕು ಅಂದೋರು ಕುರ್ಚಿಗೆ?" ಎಂದು ಲತಾ ಕೂಗಾಡಿದಳು.

ನಾನು ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ. ಹಿಂದಿನ ವಾರ ಅದೇ ನೆಲದ ಮೇಲೆ ಹುರುಳಿಕಾಳು ಹಾಕಿಕೊಂಡು ಅದನ್ನೇ ಮಾಡಿದವಳು ನಾನು.

ಸೋಮವಾರ ನಿಧಿ ಸ್ಕೂಲಿನಿಂದ ಬಂದು ಬ್ಯಾಗು ಎಸೆದಳು. ಕೋಡುಬಳೆ ಸಿಗದ ಮಕ್ಕಳು ಲೆಕ್ಕ ಹಾಕಿದ್ದರು. ಐದರ ಮೂರು ಟೇಬಲ್ಲಿನಲ್ಲಿ ಮೂವರಿಗೆ, ನಿಧಿಯ ಟೇಬಲ್ಲಿನಲ್ಲಿ ಅವಳನ್ನು ಬಿಟ್ಟು ಇಬ್ಬರಿಗೆ ಸಿಕ್ಕಿದೆ, ಉಳಿದವರಿಗಿಲ್ಲ. ಸಿಕ್ಕಿದವರೆಲ್ಲ ಇವಳಿಗೆ ವೋಟು ಹಾಕಿದವರು. ಹುಯಿ ಮಿನ್ ಹೋಗಿ ಟೀಚರಿಗೆ ಹೇಳಿದಳು. ಟೀಚರಮ್ಮ ಸಿಟ್ಟಾಗುವುದು ಬಿಟ್ಟು ಖುಷಿಯಾದರಂತೆ. ಸರಿ, ಹಾಗಾದರೆ ಆಟದ ಎರಡನೇ ಭಾಗ ಕಲಿಯೋಣ, ಪ್ರೆಸಿಡೆಂಟನ್ನು ತೆಗೆಯುವುದು ಹೇಗೆ ಅಂತ.

ಅದಕ್ಕೂ ಒಂದು ಹಾಳೆ ಬಂತು. ನಿಧಿ ಓದಿದಳು. ಅಮೆರಿಕದ ಅಧ್ಯಕ್ಷನನ್ನು ಸುಮ್ಮಸುಮ್ಮನೆ ತೆಗೆಯಲು ಆಗುವುದಿಲ್ಲ. ದೇಶಕ್ಕೆ ದ್ರೋಹ, ಲಂಚ, ಇಲ್ಲವೇ ಅಂಥದೇ ದೊಡ್ಡ ತಪ್ಪು ಮಾಡಿರಬೇಕು. ಕೆಳಗಿನ ಮನೆಯವರು ಆರೋಪ ಹೊರಿಸುತ್ತಾರೆ, ಅದಕ್ಕೆ ಅರ್ಧಕ್ಕಿಂತ ಒಂದು ಜಾಸ್ತಿ ಸಾಕು. ಮೇಲಿನ ಮನೆಯವರು ವಿಚಾರಣೆ ಮಾಡುತ್ತಾರೆ, ಅಧ್ಯಕ್ಷನ ವಿಚಾರಣೆಗೆ ದೇಶದ ದೊಡ್ಡ ಜಡ್ಜೇ ಬಂದು ಕೂರಬೇಕು. ಅಲ್ಲಿ ಮೂರನೇ ಎರಡು ಪಾಲು ಕೈ ಎತ್ತಿದರೆ ಕುರ್ಚಿ ಹೋಯಿತು, ಉಪಾಧ್ಯಕ್ಷ ಬಂದು ಕೂರುತ್ತಾನೆ. ಅಲ್ಲಿಯವರೆಗೆ ಇಬ್ಬರು ಅಧ್ಯಕ್ಷರ ಮೇಲೆ ಆರೋಪ ಹೊರಿಸಿದ್ದರಂತೆ, ಇಬ್ಬರೂ ಕುರ್ಚಿ ಬಿಡಲಿಲ್ಲ. ಇನ್ನೊಬ್ಬ ಆರೋಪ ಬೀಳುವ ಮೊದಲೇ ತಾನಾಗಿ ಎದ್ದು ಹೋದ. ಇಷ್ಟು ವರ್ಷದಲ್ಲಿ ಹಿಡಿದು ಇಳಿಸಿದ್ದು ಒಬ್ಬರನ್ನೂ ಇಲ್ಲ.

"ಒಬ್ಬರ್ನೂ ಇಲ್ವಾ?"

"ನೋ ಒನ್."

"ಮತ್ತೆ ಯಾಕವ್ವ ಇಷ್ಟೊಂದು ಬರ್ಕೊಂಡವ್ರೆ?"

ನಿಧಿಗೆ ಅದೆಲ್ಲ ಬೇಕಿರಲಿಲ್ಲ. ಅವಳ ಕಣ್ಣು ಒಂದೇ ಪದದ ಮೇಲೆ. "ಲಂಚ ಅಂತೆ ಅಜ್ಜಿ. ನನ್ನ ಮೇಲೆ ಅದೇ ಹಾಕಿದಾರೆ. ಬ್ರೈಬರಿ."

"ಕೋಡುಬಳೆ ಲಂಚ್ವಾ?" ಎಂದೆ. ಹಾಗೆಂದಾಗ ನನ್ನ ದನಿ ನನಗೇ ಸರಿಬರಲಿಲ್ಲ.

ನನ್ನನ್ನೂ ಒಂದು ಸಲ ಇಳಿಸಿದ್ದರು. ಇದು ಅಳಿಯನಿಗೆ ಗೊತ್ತಿಲ್ಲ, ಅವಧಿ ಮುಗಿಸಿದೆ ಎಂದೇ ಲತಾ ಅವನಿಗೆ ಹೇಳಿದ್ದಾಳೆ. ಹೆಂಗಸರಿಗೆ ಮೀಸಲು ಬಂತೆಂದು ಅಧ್ಯಕ್ಷೆಯಾದೆ, ಎರಡು ವರ್ಷ ಕೂತೆ. ಆಮೇಲೆ ಅವಿಶ್ವಾಸ ತಂದರು. ಎ.ಸಿ. ಸಾಹೇಬರು ಜೀಪಿನಲ್ಲಿ ಬಂದರು, ಕಾಗದ ಓದಿದರು, ಕೈ ಎತ್ತಿ ಅಂದರು. ಹದಿಮೂರು ಮೆಂಬರುಗಳಲ್ಲಿ ಹತ್ತು ಕೈ ಎದ್ದವು. ನನ್ನ ಜೊತೆ ಧರ್ಮಸ್ಥಳಕ್ಕೆ ಬಂದಿದ್ದ ಏಳರಲ್ಲಿ ಐದು ಕೈಯೂ ಅದರಲ್ಲಿದ್ದವು. ನೀನು ಏನಮ್ಮ ಹೇಳುತ್ತೀಯ ಎಂದು ಯಾರೂ ಕೇಳಲಿಲ್ಲ. ಸಾಹೇಬರು ಕಾಫಿ ಕುಡಿದು ಹೊರಟರು. ನಾನು ಚೀಲ ಎತ್ತಿಕೊಂಡು ಮನೆಗೆ ನಡೆದೆ. ಅಮೆರಿಕದಲ್ಲಾದರೆ ವಿಚಾರಣೆ ಇದೆ. ಆರೋಪ ಏನು ಅಂತ ಓದುತ್ತಾರೆ, ಅವನ ಕಡೆಯವರು ಎದ್ದು ನಿಂತು ಮಾತಾಡುತ್ತಾರೆ. ಅದೊಂದಕ್ಕೆ ನನಗೆ ಹೊಟ್ಟೆಕಿಚ್ಚಾಯಿತು.

ಅದಕ್ಕೇ ನಿಧಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ. "ನೋಡು ಮಗ, ನಿಂಗೆ ಮಾತಾಡಕ್ಕೆ ಬಿಡ್ತಾರೆ. ಕೇಳಿದ್ರೆ ಹೌದು ಅನ್ನು. ಕೊಟ್ಟೆ, ಗೆಲ್ಲಾಕೆ ಅಂತ್ಲೇ ಕೊಟ್ಟೆ, ಹಂಗೆ ಮಾಡಬಾರದಿತ್ತು ಅನ್ನು. ಆಮೇಲೆ ತೆಗೆದ್ರೆ ತೆಗೀಲಿ, ಬಿಟ್ರೆ ಬಿಡ್ಲಿ."

"ಹಾಗೆ ಹೇಳಿದ್ರೆ ಖಂಡಿತ ತೆಗೀತಾರೆ."

"ತೆಗೀಲಿ."

"ಈಸಿ ಫಾರ್ ಯು ಟು ಸೇ ಲಾ" ಎಂದು ಗೊಣಗಿ ಎದ್ದು ಹೋದಳು. ಅರ್ಥ ಲತಾ ಆಮೇಲೆ ಹೇಳಿದಳು. ಹೇಳದಿದ್ದರೂ ಮುಖ ನೋಡಿ ಗೊತ್ತಾಗಿತ್ತು.

ಮಂಗಳವಾರ ಇಡೀ ಕ್ಲಾಸೇ ಕೆಳಗಿನ ಮನೆ. ಮೂವತ್ತೇಳರಲ್ಲಿ ಇಪ್ಪತ್ತನಾಲ್ಕು ಕೈ ಎದ್ದು ಆರೋಪ ನಿಂತಿತು. ಬುಧವಾರ ಮೇಲಿನ ಮನೆ. ಟೇಬಲ್ಲು ದೊಡ್ಡದಿರಲಿ, ಚಿಕ್ಕದಿರಲಿ, ಇಬ್ಬಿಬ್ಬರು. ಅಮೆರಿಕದಲ್ಲೂ ಹಾಗೇ, ರಾಜ್ಯಕ್ಕೆ ಇಬ್ಬರು. ಏಳು ಟೇಬಲ್ಲಿಗೆ ಹದಿನಾಲ್ಕು. ಹತ್ತು ಕೈ ಎದ್ದರೆ ನಿಧಿ ಇಳಿಯಬೇಕು. ನಾನು ಬೆಳಿಗ್ಗೆಯಿಂದ ಗಳ ಎಳೆಯುವುದು ಮರೆತು ಕೂತಿದ್ದೆ, ಅವತ್ತು ಮಳೆ ಬೇಗನೇ ಬಂದು ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾಯಿತು.

ಎರಡು ಗಂಟೆಗೆ ನಿಧಿ ಬಂದಳು. ಬಿಲ್ಲೆ ಎದೆಯ ಮೇಲೇ ಇತ್ತು. "ನೈನ್ ಓನ್ಲಿ!" ಎಂದು ಕೂಗಿದಳು. "ಒಂಬತ್ತೇ ಕೈ ಅಜ್ಜಿ! ಒನ್ ಶಾರ್ಟ್!"

ಒಂಬತ್ತು ಜನ ಬೇಡ ಅಂದರು, ಐದು ಜನ ಬೇಕು ಅಂದರು. ಐದು ಗೆದ್ದಿತ್ತು. ನಾನು ಕೇಳಿದೆ, "ಹೌದು ಅಂದ್ಯಾ?"

"ಅಂದೆ, ಅಂದೆ" ಎಂದು ಷೂ ಬಿಚ್ಚಲು ಬಗ್ಗಿದಳು.

ಏನಂದಳು ಎಂಬುದು ಸಂಜೆ ಊಟಕ್ಕೆ ಕೂತಾಗ ಗೊತ್ತಾಯಿತು. ಗಿರೀಶ ಅವತ್ತು ಬೇಗ ಬಂದಿದ್ದ. ಅಪ್ಪನ ಎದುರಿಗೆ ಎದ್ದು ನಿಂತು, ಕ್ಲಾಸಿನಲ್ಲಿ ಮಾಡಿದ ಭಾಷಣವನ್ನು ಕೈ ಆಡಿಸಿ ಆಡಿಸಿ ಮತ್ತೆ ಮಾಡಿ ತೋರಿಸಿದಳು. ಇಂಗ್ಲಿಷು. ನನಗೆ ಅಜ್ಜಿ ಅನ್ನುವುದೊಂದು ಅರ್ಥವಾಯಿತು, ವಿಲೇಜ್ ಅನ್ನುವುದು ಅರ್ಥವಾಯಿತು. ಲತಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಗಿರೀಶ ಚಪ್ಪಾಳೆ ತಟ್ಟಿದ. "ಸೂಪರ್! ಲಾಯರ್ ಆಗ್ತಾಳೆ ನಮ್ ಹುಡುಗಿ!"

"ಏನಂದ್ಳು? ಕನ್ನಡದಲ್ಲಿ ಹೇಳಿ" ಎಂದೆ.

"ಬಿಡಮ್ಮ" ಎಂದಳು ಲತಾ.

"ಹೇಳು ಅಂದೆ."

ಲತಾ ಗಂಡನ ಮುಖ ನೋಡಿ ಹೇಳಿದಳು. "ಏನಿಲ್ಲ. ಕೋಡುಬಳೆ ನಾನು ಕೊಟ್ಟಿದ್ದಲ್ಲ, ನಮ್ಮಜ್ಜಿ ಕೊಟ್ಟಿದ್ದು. ಅವ್ರು ಹಳ್ಳಿಯವ್ರು, ಓದಕ್ಕೆ ಬರಲ್ಲ, ಇಲ್ಲಿನ ರೂಲ್ಸ್ ಗೊತ್ತಿಲ್ಲ, ಮಕ್ಕಳು ಅಂದ್ರೆ ಪ್ರಾಣ, ಸುಮ್ನೆ ಪ್ರೀತಿಗೆ ಕೊಟ್ಟಿದ್ದು, ಮುದುಕಿ ಮಾಡಿದ ತಪ್ಪಿಗೆ ನನ್ನ ತೆಗೀಬೇಡಿ ಅಂತ. ಕ್ಲಾಸಲ್ಲಿ ಒಂದು ಹುಡುಗಿ ಅತ್ಬಿಟ್ಲಂತೆ."

ತಟ್ಟೆ ಮುಂದಕ್ಕೆ ತಳ್ಳಿದೆ. "ನಂಗೆ ಓದಕ್ಕೆ ಬರಲ್ಲ, ನಿಜ. ಎಣಿಸಕ್ಕೆ ಬರಲ್ಲ ಅಂದವ್ರ್ಯಾರು? ಮೂವತ್ತೇಳರಲ್ಲಿ ಹನ್ನೊಂದನ್ನ ಆರಿಸಿ ಕೊಟ್ಟವಳಿಗೆ ಪ್ರೀತಿಯಂತೆ, ಪ್ರಾಣವಂತೆ!"

"ಅಯ್ಯೋ ಅತ್ತೆ, ಮಕ್ಕಳ ಆಟ" ಎಂದ ಗಿರೀಶ.

"ಅಜ್ಜಿ, ನೀವೇ ಹೇಳಿದ್ರಿ ಎಷ್ಟು ಬೇಕು ಅಂತ ಎಣಿಸಬೇಕು ಅಂತ. ಐದು ಬೇಕಿತ್ತು. ಐದು ಬಂತು" ಎಂದಳು ನಿಧಿ. ಕಣ್ಣು ತಗ್ಗಿಸದೆ ಹೇಳಿದಳು.

ಅವಳ ಮೇಲೆ ರೇಗಲು ಹೋದವಳು ತಳ್ಳಿದ್ದ ತಟ್ಟೆ ಮತ್ತೆ ಎಳೆದುಕೊಂಡೆ. ಯಾಕೆಂದರೆ ಓದಕ್ಕೆ ಬರಲ್ಲ ಅನ್ನುವ ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ನನ್ನ ಬಾಯಲ್ಲೇ ಕೇಳಿದ್ದೆ. ಊರಾಚೆ ಕೇರಿಗೆ ಎಂದು ಮಂಜೂರಾಗಿದ್ದ ನೀರಿನ ತೊಂಬೆ ನಮ್ಮ ಭಾವನ ಮನೆಯ ಮುಂದೆ ಎದ್ದು ನಿಂತಿತ್ತು. ಅದಕ್ಕೇ ಆ ಹತ್ತು ಕೈ ಎದ್ದದ್ದು. ನನ್ನನ್ನು ಇಳಿಸಿದ ಮೇಲೆ ಕೇರಿಯ ನಾಲ್ಕು ಹೆಂಗಸರು ಬಿಂದಿಗೆ ಹೊತ್ತು ಹೋಗುವಾಗ ನನ್ನ ಜಗಲಿ ಮುಂದೆ ನಿಂತರು. "ಯಾಕವ್ವ ಹಿಂಗ್ ಮಾಡ್ದೆ?" ಎಂದು ಕೇಳಿದರು. ಜಗಳಕ್ಕೆ ಕೇಳಲಿಲ್ಲ, ಸುಮ್ಮನೆ ಕೇಳಿದರು. ನಾನು ಹೇಳಿದ್ದು, "ನಂಗೆ ಓದಕ್ಕೆ ಬರಲ್ಲ ಕಣವ್ವ, ಸೆಕ್ರೆಟ್ರಿ ಕಾಗದ ಇಟ್ಟ, ಸೈನ್ ಹಾಕ್ದೆ" ಎಂದು. ಆ ಕಾಗದದಲ್ಲಿ ಏನಿದೆ ಎಂದು ಸೆಕ್ರೆಟರಿ ನನಗೆ ಎರಡು ಸಲ ಓದಿ ಹೇಳಿದ್ದ. ತೊಂಬೆ ಎಲ್ಲಿ ಬರುತ್ತದೆಂದು ತಿಳಿದೇ ಸೈನ್ ಹಾಕಿದ್ದೆ. ಹೆಂಗಸರು ಪಾಪ ಅಂದುಕೊಂಡು ಹೋದರು. ಇದನ್ನು ನಾನು ನಿಧಿಗೆ ಯಾವತ್ತೂ ಹೇಳಿಲ್ಲ. ಲತಾಗೂ ಹೇಳಿಲ್ಲ. ಎಲ್ಲಿಂದ ಕಲಿತಳು ಇದು?

ಶುಕ್ರವಾರ ಸ್ಕೂಲಿನ ಕೊನೇ ದಿನ. ರಿಪೋರ್ಟ್ ಬುಕ್ಕು ಕೊಡಲು ಅಪ್ಪ ಅಮ್ಮನನ್ನು ಕರೆದಿದ್ದರು. ಲತಾಗೆ ಪಾಳಿ. ಗಿರೀಶ ಅರ್ಧ ದಿನ ರಜೆ ಹಾಕಿದ. ನಾನೂ ಬರುತ್ತೇನೆ ಎಂದೆ. ನಿಧಿ ಬೇಡವೆಂದಳು. ನಾನು ಸೀರೆ ಉಟ್ಟಾಗಿತ್ತು.

ಕ್ಲಾಸಿನಲ್ಲಿ ಟೇಬಲ್ಲುಗಳನ್ನೆಲ್ಲ ಗೋಡೆಗೆ ಒತ್ತಿ ಕುರ್ಚಿಗಳನ್ನು ಮೇಲೆ ಕವುಚಿಟ್ಟಿದ್ದರು. ಟೀಚರಮ್ಮ ಇನ್ನೂ ಹುಡುಗಿ, ಬಹಳ ನಗುಮುಖ. ಗಿರೀಶನ ಜೊತೆ ಮಾರ್ಕ್ಸಿನ ಮಾತು ಆಡಿ ಮುಗಿಸಿದರು. ಆಮೇಲೆ ನಾನು ಗಿರೀಶನಿಗೆ ಹೇಳಿದೆ. "ನಾನು ಹೇಳೋದನ್ನ ಹೇಳು. ಕೋಡುಬಳೆ ಪ್ರೀತಿಗೆ ಕೊಟ್ಟಿದ್ದಲ್ಲ, ವೋಟಿಗೆ ಕೊಟ್ಟಿದ್ದು. ಯಾರ್ಯಾರಿಗೆ ಅಂತ ಎಣಿಸಿ ಕೊಟ್ಟಿದ್ದು. ಎಣಿಸಿದವಳು ನಾನು. 'ಅಜ್ಜಿಗೆ ಏನೂ ಗೊತ್ತಿಲ್ಲ' ಅಂತ ಮಗು ಹೇಳಿದ್ದು ಸುಳ್ಳು. ಆ ಸುಳ್ಳು ನಂಬಿ ಐದು ಮಕ್ಕಳು ಬಿಟ್ಟವ್ರೆ. ಆ ಮಕ್ಕಳಿಗೆ, ಹುಯಿ ಮಿನ್‌ಗೆ ನಿಜ ಗೊತ್ತಾಗ್ಬೇಕು ಅಂತ ಹೇಳು."

ಗಿರೀಶ ಟೀಚರಿಗೆ ನಾಲ್ಕೇ ಪದ ಹೇಳಿದ. ಟೀಚರಮ್ಮ ಅಗಲವಾಗಿ ನಕ್ಕು ನನ್ನ ಕೈ ಹಿಡಿದುಕೊಂಡು, "ಥ್ಯಾಂಕ್ಯೂ ಆಂಟಿ, ಸೋ ಸ್ವೀಟ್" ಎಂದರು.

ನಾನು ಆಡಿದ್ದು ಒಂದು ಮಾರು ಉದ್ದ. ನಾಲ್ಕು ಪದದಲ್ಲಿ ಅದು ಮುಗಿಯಲು ಸಾಧ್ಯವೇ ಇಲ್ಲ. ಸ್ವೀಟು ಅನ್ನುವುದು ನನಗೂ ಗೊತ್ತು. "ಏನಂದೆ ನೀನು?" ಎಂದೆ ಅಳಿಯನನ್ನು. ಅವನು ಕನ್ನಡಕ ಒರೆಸಿಕೊಂಡ. "ಅತ್ತೆ, ಬಿಡಿ. ಲಾಸ್ಟ್ ಡೇ. ಮಗು ರೆಕಾರ್ಡ್ ಹಾಳಾಗುತ್ತೆ."

ಟೀಚರಮ್ಮನ ಕೈ ಬಿಡಲಿಲ್ಲ ನಾನು. ನನಗೆ ಬರುವ ಇಂಗ್ಲಿಷು ಎಷ್ಟು? ಬಸ್ಸು, ಲಿಫ್ಟು, ಪಾಸ್‌ಪೋರ್ಟು. ತಡಕಾಡಿ, ಗೊತ್ತು ಅನ್ನುವುದಕ್ಕೆ ಎರಡು ಮಾತು ಹುಡುಕಿದೆ. ನನ್ನ ಎದೆ ಮುಟ್ಟಿ ತೋರಿಸಿ, "ಐ ನೋ" ಎಂದೆ. ನಿಧಿಯ ಕಡೆ ಬೆರಳು ಮಾಡಿ, "ಶೀ ನೋ" ಎಂದೆ. ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಹೇಳಿದೆ. "ಐ ನೋ. ಶೀ ನೋ."

ಟೀಚರಮ್ಮನ ನಗು ನಿಂತಿತು. ನಿಧಿಯನ್ನು ನೋಡಿದರು. ಏನೋ ಕೇಳಿದರು, ಮೆತ್ತಗೆ. ನಿಧಿ ನೆಲ ನೋಡುತ್ತಿದ್ದಳು. ಹಾಗೇ ತಲೆ ಆಡಿಸಿದಳು, ಹೌದೆಂದು.

ಈಗಲಾದರೂ ಏನಾದರೂ ಆಗುತ್ತದೆ ಎಂದುಕೊಂಡೆ. ಹುಯಿ ಮಿನ್‌ಳನ್ನು ಕರೆಸುತ್ತಾರೆ, ಬಿಲ್ಲೆ ತೆಗೆಸುತ್ತಾರೆ, ಒಂದು ಮಾತು ಬೈಯುತ್ತಾರೆ. ಟೀಚರಮ್ಮ ಗೋಡೆಗೆ ಒತ್ತಿದ ಟೇಬಲ್ಲುಗಳ ಕಡೆ ನೋಡಿದರು. ಗಡಿಯಾರ ನೋಡಿದರು. ಹೊರಗೆ ಇನ್ನೂ ನಾಲ್ಕು ಜನ ಅಪ್ಪಂದಿರು ಕಾಯುತ್ತಿದ್ದರು. "ನೆವರ್ ಮೈಂಡ್ ಆಂಟಿ. ಸ್ಕೂಲ್ ಫಿನಿಶ್ ಆಲ್ರೆಡಿ. ಓನ್ಲಿ ಗೇಮ್" ಎಂದರು. ನಿಧಿ ಬಿಲ್ಲೆ ಬಿಚ್ಚಿ ಅವರ ಮೇಜಿನ ಮೇಲೆ ಇಡಲು ಹೋದರೆ, ಇಟ್ಟುಕೋ, ನೆನಪಿಗೆ ಇರಲಿ ಎಂದು ತಿರುಗಿ ಕೈಗೆ ಕೊಟ್ಟರು.

ಹೊರಗೆ ಬಂದೆವು. ಗಿರೀಶ ಮುಖ ಗಂಟು ಹಾಕಿಕೊಂಡು ಆಫೀಸಿಗೆ ಎಂದು ರೈಲಿನ ದಾರಿ ಹಿಡಿದ. ನಾನು, ನಿಧಿ ಮನೆ ಕಡೆ ನಡೆದೆವು. ಮೂರು ಗಂಟೆಯಾಗಿತ್ತು. ಮೇಲೆ ಚಾವಣಿಯಿರುವ ದಾರಿ ಮುಗಿದು ಬ್ಲಾಕಿನವರೆಗೆ ಬಯಲು ಬರುವಷ್ಟರಲ್ಲಿ ಮಳೆ ಶುರುವಾಯಿತು. ನನ್ನ ಹತ್ತಿರ ಒಂದೇ ಕೊಡೆ. ಬಿಚ್ಚಿ ಅವಳ ಕಡೆಗೆ ವಾಲಿಸಿದೆ. ಅವಳು ಕೊಡೆಯಾಚೆ ಸರಿದು, ಎರಡು ಹೆಜ್ಜೆ ಮುಂದಾಗಿ, ಮಳೆಯಲ್ಲೇ ನಡೆದಳು. ಜೇಬಿನಲ್ಲಿ ಬಿಲ್ಲೆ ಹಿಡಿದಿದ್ದ ಕೈ ಮುಷ್ಟಿಯಾಗಿತ್ತು.

ಕರೆಯಲಿಲ್ಲ ನಾನು. ನೆನೆಯಲಿ ಎಂದು ಬಿಟ್ಟೆ.